ಮನೆಯ ಸ್ಟೀರಿಯೊಗೆ ಕೇಬಲ್ ನಾವೇ ಮಾಡಿಕೊಳ್ಳುವುದು: ಪಿನ್ನಿನ ಬೆಸುಗೆಯಿಂದ ಸ್ಪೀಕರ್ ವೈರಿನವರೆಗೆ

ದಾವಣಗೆರೆ ವಿನೋಬನಗರದ ನಮ್ಮ ಮನೆಯಲ್ಲಿ ಅಪ್ಪನ ಕಾಲದ ಆಂಪ್ಲಿಫೈಯರ್ ಒಂದಿದೆ. ಅದಕ್ಕೆ ಸಿಡಿ ಪ್ಲೇಯರ್ ಜೋಡಿಸಲು ರೆಡಿಮೇಡ್ ಕೇಬಲ್ ತಂದಿದ್ದೆ. ಆರು ತಿಂಗಳೂ ಬಾಳಲಿಲ್ಲ. ಎಡಗಡೆ ಸ್ಪೀಕರ್ ಬಂದು ಹೋಗಿ ಮಾಡುತ್ತಿತ್ತು. ಪಿನ್ ಅಲ್ಲಾಡಿಸಿದರೆ ಹಾಡು ಬರುತ್ತಿತ್ತು, ಕೈ ಬಿಟ್ಟರೆ ಗುಂಯ್ ಅನ್ನುತ್ತಿತ್ತು. ಬೇಜಾರಾಗಿ ಒಂದು ದಿನ ಪಿನ್ ಮೇಲಿನ ರಬ್ಬರನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಶೀಲ್ಡ್ (ಒಳತಂತಿಯ ಸುತ್ತಿನ ಜಾಲರಿ) ಅಂತ ಇದ್ದದ್ದು ಕೂದಲಿನಷ್ಟು ಸಣ್ಣ ಎಂಟು ಎಳೆ. ಎಣಿಸಿದೆ. ಅದರಲ್ಲಿ ಆರು ಎಳೆ ಬೆಸುಗೆಯ ಬುಡದಲ್ಲೇ ಮುರಿದಿದ್ದವು. ತಂತಿ ಉದ್ದಕ್ಕೂ ಚೆನ್ನಾಗಿಯೇ ಇತ್ತು.

ಕೇಬಲ್ ಕೆಡುವುದು ನಡುವೆ ಅಲ್ಲ, ತುದಿಯಲ್ಲಿ. ಇದು ಅವತ್ತು ಗೊತ್ತಾಯಿತು. ಆಮೇಲೆ ನಾನು ಮಾಡಿದ, ರಿಪೇರಿ ಮಾಡಿದ ಪ್ರತಿ ಕೇಬಲ್‌ನಲ್ಲೂ ಇದೇ ನಿಜವಾಗಿದೆ. ಹಾಗಾಗಿ ದುಬಾರಿ ತಂತಿಗೆ ದುಡ್ಡು ಸುರಿಯುವ ಬದಲು ತುದಿಯ ಬೆಸುಗೆಗೆ ಗಮನ ಕೊಡಿ. ಒಂದು ಭಾನುವಾರ ಬೆಳಿಗ್ಗೆ ಸಾಕು, ಮನೆಗೆ ಬೇಕಾದ ಕೇಬಲ್‌ಗಳೆಲ್ಲ ತಯಾರಾಗುತ್ತವೆ.

ಎರಡು ಜಾತಿಯ ಕೇಬಲ್

ಸ್ಟೀರಿಯೊಗೆ ಬೇಕಾಗುವುದು ಎರಡು ಥರದ ಕೇಬಲ್. ಒಂದು, ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಸಿಗ್ನಲ್ ಒಯ್ಯುವುದು. ಇನ್ನೊಂದು, ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಹೋಗುವುದು. ನೋಡಲು ಎರಡೂ ವೈರೇ. ಆದರೆ ಕೆಲಸ ಪೂರ್ತಿ ಬೇರೆ.

ಸಿಗ್ನಲ್ ಕೇಬಲ್‌ನಲ್ಲಿ ಹರಿಯುವ ಕರೆಂಟ್ ತೀರಾ ಕಡಿಮೆ. ಹಾಗಾಗಿ ತಂತಿ ದಪ್ಪ ಇರಬೇಕಾಗಿಲ್ಲ. ಆದರೆ ಅಕ್ಕಪಕ್ಕದ ಫ್ಯಾನ್, ಟ್ಯೂಬ್‌ಲೈಟ್, ಮೊಬೈಲ್ ಚಾರ್ಜರ್‌ಗಳ ಗಲಾಟೆ ಈ ಸಣ್ಣ ಸಿಗ್ನಲ್ ಒಳಗೆ ಸುಲಭವಾಗಿ ನುಗ್ಗುತ್ತದೆ. ಆಂಪ್ಲಿಫೈಯರ್ ಅದನ್ನೂ ಸೇರಿಸಿ ದೊಡ್ಡದು ಮಾಡುತ್ತದೆ. ಅದಕ್ಕೇ ಸುತ್ತ ತಾಮ್ರದ ಜಾಲರಿ, ಅಂದರೆ ಶೀಲ್ಡ್ ಬೇಕು. ಜಾಲರಿ ಎಷ್ಟು ಒತ್ತಾಗಿದೆಯೋ ಅಷ್ಟು ಒಳ್ಳೆಯದು.

ಇಲ್ಲಿ ಇನ್ನೊಂದು ವಿಷಯ ಇದೆ: ಕೆಪ್ಯಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಗುಣ. ಅದನ್ನು ಅಳೆಯುವುದು ಪಿಕೊಫ್ಯಾರಡ್‌ನಲ್ಲಿ. ಒಳಗಿನ ತಂತಿ ಮತ್ತು ಜಾಲರಿ ಸೇರಿ ಒಂದು ಸಣ್ಣ ಕೆಪ್ಯಾಸಿಟರ್ ಆಗುತ್ತದೆ. ಕೇಬಲ್ ಉದ್ದ ಆದಷ್ಟೂ ಅದು ಜಾಸ್ತಿ ಆಗುತ್ತದೆ, ಮೇಲಿನ ಸ್ವರಗಳನ್ನು ಸ್ವಲ್ಪ ತಿನ್ನುತ್ತದೆ. ಸಿಡಿ ಪ್ಲೇಯರ್‌ನ ಔಟ್‌ಪುಟ್ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 1 ಕಿಲೊಓಮ್, ಕೇಬಲ್ 200 ಪಿಕೊಫ್ಯಾರಡ್ ಅಂದುಕೊಳ್ಳಿ. ಆಗ ಮೇಲಿನ ಸ್ವರಗಳ ಕಡಿತ ಶುರುವಾಗುವುದು ಸುಮಾರು 8 ಲಕ್ಷ ಹರ್ಟ್ಸ್‌ನಲ್ಲಿ. ನಮ್ಮ ಕಿವಿ ಕೇಳುವುದು 20 ಸಾವಿರದವರೆಗೆ ಮಾತ್ರ. ಅಂದರೆ ಚಿಂತೆಯೇ ಇಲ್ಲ. ಆದರೆ ಕೆಲವು ಹಳೆಯ ಸೆಟ್‌ಗಳಲ್ಲಿ ನಡುವೆ ಸಿಗ್ನಲ್ ಹಿಗ್ಗಿಸುವ ಹಂತ ಇಲ್ಲದೆ ಬರೀ 100 ಕಿಲೊಓಮ್ ವಾಲ್ಯೂಮ್ ಕಂಟ್ರೋಲ್ ಒಂದನ್ನೇ ದಾಟಿ ಕೇಬಲ್ ಹೊರಡುವುದುಂಟು. ವಾಲ್ಯೂಮ್ ಮಧ್ಯದಲ್ಲಿದ್ದರೆ ಅಲ್ಲಿ 25 ಕಿಲೊಓಮ್‌ವರೆಗೂ ಇರುತ್ತದೆ. 300 ಪಿಕೊಫ್ಯಾರಡ್ ಕೇಬಲ್ ಹಾಕಿದರೆ ಕಡಿತ 21 ಸಾವಿರ ಹರ್ಟ್ಸ್‌ಗೇ ಬಂದು ಕೂರುತ್ತದೆ. ಅಂಥ ಕಡೆ ಕೇಬಲ್ ಗಿಡ್ಡ ಇರಲೇಬೇಕು.

ಸ್ಪೀಕರ್ ಕೇಬಲ್ ಇದಕ್ಕೆ ತದ್ವಿರುದ್ಧ. ಅಲ್ಲಿ ಆಂಪಿಯರ್ ಲೆಕ್ಕದಲ್ಲಿ ಕರೆಂಟ್ ಹರಿಯುತ್ತದೆ. ಶೀಲ್ಡ್ ಬೇಡ, ದಪ್ಪ ತಾಮ್ರ ಬೇಕು. ಲೆಕ್ಕ ಆಮೇಲೆ ಹೇಳುತ್ತೇನೆ.

ಏನೇನು ತರಬೇಕು

ಸಿಗ್ನಲ್ ಕೇಬಲ್‌ಗೆ ನನ್ನ ಆಯ್ಕೆ ಎರಡು ಕೋರ್ (ಜಾಲರಿಯೊಳಗೆ ಸಿಪ್ಪೆ ಹೊದ್ದ ಒಳತಂತಿ) ಇರುವ ಮೈಕ್ ವೈರು. ಮೆತ್ತಗೆ ಬಾಗುತ್ತದೆ, ಜಾಲರಿ ಒತ್ತಾಗಿರುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅಲ್ಲಿ ಇಲ್ಲದಿದ್ದರೆ ಮೈಕ್‌ಸೆಟ್ ಬಾಡಿಗೆ ಕೊಡುವವರನ್ನು ಕೇಳಿ. ಜಾತ್ರೆ, ಮದುವೆ, ನಾಟಕ ಅಂತ ವರ್ಷವಿಡೀ ವೈರು ಎಳೆಯುವ ಅವರಷ್ಟು ಕೇಬಲ್ ಬಗ್ಗೆ ಗೊತ್ತಿರುವವರು ಊರಲ್ಲಿ ಇನ್ಯಾರೂ ಇಲ್ಲ. ಮೊದಲನೇ ಸಲ ನಾನು ಹೋಗಿದ್ದು ಅಂಥ ಒಬ್ಬ ಹಿರಿಯರ ಹತ್ತಿರ.

"ಯಣ್ಣ, ಎರಡು ಕೋರ್ ಮೈಕ್ ವೈರು ಮೂರು ಮೀಟರ್ ತುಂಡು ಇದ್ರೆ ಕೊಡ್ರಿ."

"ನಾಲ್ಕು ತಗಂಡು ಹೋಗಪ್ಪ. ಮೊದಲನೇ ಸಲ ಬೆಸುಗೆ ಹಾಕೋರು ತುದೀನ ಎರಡೆರಡು ಸಲ ಕತ್ತರಿಸ್ತಾರೆ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನೀವೂ ಒಂದು ಮೀಟರ್ ಜಾಸ್ತಿ ತನ್ನಿ.

ಕೇಬಲ್ ಟಿವಿಯವರು ಬಳಸುವ ಕೋಆಕ್ಸಿಯಲ್ ವೈರೂ ನಡೆಯುತ್ತದೆ. ಅದರ ಕೆಪ್ಯಾಸಿಟೆನ್ಸ್ ಕಡಿಮೆ, ಆರ್‌ಜಿ-59 ಅನ್ನುವ ಜಾತಿಯಲ್ಲಿ ಮೀಟರಿಗೆ ಸುಮಾರು 67 ಪಿಕೊಫ್ಯಾರಡ್. ಆದರೆ ಕೊಳ್ಳುವಾಗ ತುದಿ ಸುಲಿಸಿ ನೋಡಿ. ಅಗ್ಗದ ಟಿವಿ ವೈರಿನಲ್ಲಿ ಜಾಲರಿ ಅಲ್ಯೂಮಿನಿಯಂದು. ಅದಕ್ಕೆ ಸಾಮಾನ್ಯ ಲೆಡ್ (ಬೆಸುಗೆಗೆ ಕರಗಿಸುವ ತವರ-ಸೀಸದ ತಂತಿ) ಹಿಡಿಯುವುದೇ ಇಲ್ಲ. ನಡುವಿನ ತಂತಿಯೂ ಎಷ್ಟೋ ಸಲ ಉಕ್ಕು, ಮೇಲೆ ಮಾತ್ರ ತಾಮ್ರದ ಲೇಪ. ಜಾಲರಿ ತಾಮ್ರದ್ದು ಇದ್ದರೆ ಮಾತ್ರ ತನ್ನಿ.

ಇನ್ನು ಆರ್‌ಸಿಎ ಪಿನ್ನು, ಅಂದರೆ ಪ್ಲೇಯರ್, ಆಂಪ್ಲಿಫೈಯರ್‌ಗಳ ಹಿಂದೆ ಸಿಕ್ಕಿಸುವ, ನಡುವೆ ಕಡ್ಡಿ, ಸುತ್ತ ಬಳೆ ಇರುವ ಪಿನ್ನು. ಅಮೆರಿಕದ ರೇಡಿಯೊ ಕಾರ್ಪೊರೇಷನ್ ಆಫ್ ಅಮೆರಿಕ ಕಂಪನಿ 1930ರ ದಶಕದಲ್ಲಿ ತಂದ ಪಿನ್ ಅದು, ಹೆಸರೂ ಅಲ್ಲಿಂದಲೇ ಬಂತು. ಅಚ್ಚು ಹಾಕಿದ ರಬ್ಬರ್ ಪಿನ್ ಬೇಡ. ತಿರುಗಿಸಿ ಬಿಚ್ಚುವಂಥ ಲೋಹದ ಕವಚ ಇರಬೇಕು, ಹಿಂದೆ ಸ್ಪ್ರಿಂಗ್ ಇರಬೇಕು, ಒಳಗೆ ವೈರನ್ನು ಅಪ್ಪಿ ಹಿಡಿಯುವ ಎರಡು ಕಿವಿ ಇರಬೇಕು. ಒಂದು ಜೋಡಿ ಕೇಬಲ್‌ಗೆ ನಾಲ್ಕು ಪಿನ್, ಎರಡು ಕೆಂಪು, ಎರಡು ಬಿಳಿ ಅಥವಾ ಕಪ್ಪು. ಕೆಂಪು ಯಾವಾಗಲೂ ಬಲಗಡೆಗೆ. ಚಿನ್ನದ ಲೇಪ ಇದ್ದರೆ ತುಕ್ಕು ಹಿಡಿಯುವುದಿಲ್ಲ, ಅಷ್ಟೇ ಅದರ ಲಾಭ. ನಿಕ್ಕಲ್ ಪಿನ್ನಿಂದಲೂ ಅದೇ ಹಾಡು ಬರುತ್ತದೆ.

ಉಳಿದದ್ದು: 25 ವ್ಯಾಟ್ ಸೋಲ್ಡರಿಂಗ್ ಐರನ್, 60/40 ಲೆಡ್ ವೈರು (60 ಭಾಗ ತವರ, 40 ಭಾಗ ಸೀಸ), ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ರೋಸಿನ್ ಫ್ಲಕ್ಸ್, ಬ್ಲೇಡು, ಕಟ್ಟರ್, ನೋಸ್ ಪ್ಲೈಯರ್, ಬಿಸಿಗೆ ಕುಗ್ಗಿ ಅಪ್ಪಿಕೊಳ್ಳುವ ಶ್ರಿಂಕ್ ಸ್ಲೀವ್, ಬೀಪ್ ಶಬ್ದ ಬರುವ ಮಲ್ಟಿಮೀಟರ್. ಲೆಡ್ 22 ಗೇಜ್ ಇರಲಿ, ಅಂದರೆ 0.7 ಮಿಲಿಮೀಟರ್. ಅದಕ್ಕಿಂತ ದಪ್ಪದ್ದು ತಂದರೆ ಸಣ್ಣ ಪಿನ್ನಿನ ಮೇಲೆ ಜಾಸ್ತಿ ಸುರಿಯುತ್ತದೆ. ಜೊತೆಗೆ ಹಾಳಾದ ಡಿವಿಡಿ ಪ್ಲೇಯರ್‌ನ ಹಿಂದಿನ ಆರ್‌ಸಿಎ ಸಾಕೆಟ್ ಒಂದನ್ನು ಗುಜರಿಯಿಂದ ತಂದಿಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಅಳತೆ

ಅಂದಾಜಿನಲ್ಲಿ ಕತ್ತರಿಸಬೇಡಿ. ಒಂದು ದಾರ ತಗೊಂಡು ಪ್ಲೇಯರ್‌ನ ಹಿಂಬದಿಯಿಂದ ಆಂಪ್ಲಿಫೈಯರ್‌ನ ಹಿಂಬದಿಗೆ, ವೈರು ನಿಜವಾಗಿ ಹೋಗುವ ದಾರಿಯಲ್ಲೇ ಹಿಡಿಯಿರಿ. ಅದಕ್ಕೆ ಒಂದು ಗೇಣು ಸೇರಿಸಿ. ಸೆಟ್ಟನ್ನು ಮುಂದೆ ಎಳೆದು ಧೂಳು ಒರೆಸಲು ಅಷ್ಟು ಸಡಿಲ ಬೇಕೇ ಬೇಕು. ಎಡ, ಬಲ ಎರಡೂ ಒಂದೇ ಉದ್ದ ಇರಲಿ.

ಸಿಗ್ನಲ್ ಕೇಬಲ್, ಹಂತ ಹಂತವಾಗಿ

ಫ್ಯಾನ್ ಆಫ್ ಮಾಡಿ ಕೂರಬೇಕು. ಗಾಳಿ ಬಡಿದರೆ ಬೆಸುಗೆ ಅರೆಬರೆ ಆರುತ್ತದೆ. ನಮ್ಮೂರ ಏಪ್ರಿಲ್ ಬಿಸಿಲಿನಲ್ಲಿ ಅದು ಕಷ್ಟ, ಹಾಗಾಗಿ ನಾನು ಬೆಳಿಗ್ಗೆ ಆರಕ್ಕೇ ಕೂರುತ್ತೇನೆ. ಕಿಟಕಿ ತೆರೆದಿರಲಿ, ಫ್ಲಕ್ಸ್ ಹೊಗೆ ಮೂಗಿಗೆ ಒಳ್ಳೆಯದಲ್ಲ. ಲೆಡ್ ಅಂದರೆ ಸೀಸ ಇರುವ ವಸ್ತು, ಕೆಲಸ ಮುಗಿಸಿ ಸೋಪು ಹಾಕಿ ಕೈ ತೊಳೆಯುವ ತನಕ ತಿಂಡಿ ಮುಟ್ಟಬೇಡಿ. ಚಿಕ್ಕ ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ.

ಮೊದಲು ಪಿನ್ನಿನ ಕವಚ, ಸ್ಪ್ರಿಂಗ್, 3 ಸೆಂಟಿಮೀಟರ್ ಸ್ಲೀವ್ ಇವನ್ನು ವೈರಿಗೆ ಪೋಣಿಸಿ. ಕವಚದ ತಿರುಪು ಇರುವ ಬಾಯಿ ಪಿನ್ ಕಡೆಗೆ ಇರಲಿ. ಇದನ್ನು ಮರೆತರೆ ಚೆನ್ನಾಗಿ ಕೂತ ಬೆಸುಗೆಯನ್ನು ಬಿಚ್ಚಬೇಕಾಗುತ್ತದೆ.

ತುದಿಯಿಂದ 2 ಸೆಂಟಿಮೀಟರ್ ಹೊರ ಸಿಪ್ಪೆ ತೆಗೆಯಿರಿ. ಬ್ಲೇಡನ್ನು ಒತ್ತಬೇಡಿ. ಸುತ್ತ ಗೆರೆ ಎಳೆದ ಹಾಗೆ ಮೆಲ್ಲಗೆ ತಿರುಗಿಸಿ, ಆಮೇಲೆ ವೈರನ್ನು ಬಗ್ಗಿಸಿದರೆ ಸಿಪ್ಪೆ ತಾನೇ ಬಿರಿಯುತ್ತದೆ. ಒತ್ತಿದರೆ ಜಾಲರಿಯ ಎಳೆ ಕತ್ತರಿಸಿ ಹೋಗುತ್ತವೆ. ನನ್ನ ಹಳೆಯ ಕೇಬಲ್‌ನಲ್ಲಿ ಆಗಿದ್ದೂ ಇದೇ ಥರದ್ದು: ಗಾಯಗೊಂಡ ಎಳೆ ಮೊದಲು ಮುರಿಯುತ್ತದೆ.

ಜಾಲರಿಯನ್ನು ಸೂಜಿಯಿಂದ ಬಿಡಿಸಿ, ಒಂದು ಕಡೆಗೆ ತಂದು ಬತ್ತಿ ಹೊಸೆದ ಹಾಗೆ ಹೊಸೆಯಿರಿ. ಒಂದು ಎಳೆಯೂ ಆಚೆ ಚಾಚಿಕೊಂಡಿರಬಾರದು. ಒಳಗೆ ಎರಡು ಕೋರ್ ಇರುತ್ತವೆ, ಕೆಂಪು ಮತ್ತು ಬಿಳಿ ಅಂದುಕೊಳ್ಳೋಣ. ಎರಡರ ತುದಿಯನ್ನೂ 4 ಮಿಲಿಮೀಟರ್ ಸುಲಿಯಿರಿ.

ಜೋಡಣೆ ಹೀಗೆ. ಕೆಂಪು ಕೋರ್ ಎರಡೂ ತುದಿಯಲ್ಲಿ ನಡುವಿನ ಪಿನ್ನಿಗೆ. ಬಿಳಿ ಕೋರ್ ಎರಡೂ ತುದಿಯಲ್ಲಿ ಹೊರಗಿನ ಬಳೆಗೆ. ಜಾಲರಿ ಮಾತ್ರ ಒಂದೇ ತುದಿಯಲ್ಲಿ, ಪ್ಲೇಯರ್ ಕಡೆಯ ಪಿನ್ನಿನ ಹೊರಬಳೆಗೆ, ಬಿಳಿ ಕೋರ್ ಜೊತೆ ಸೇರಿಸಿ. ಆಂಪ್ಲಿಫೈಯರ್ ಕಡೆ ಜಾಲರಿಯನ್ನು ಸಿಪ್ಪೆಯ ಮಟ್ಟಕ್ಕೆ ಕತ್ತರಿಸಿ ಸ್ಲೀವ್ ಒಳಗೆ ಮುಚ್ಚಿಬಿಡಿ. ಹೀಗೆ ಮಾಡಿದರೆ ಜಾಲರಿ ಗಲಾಟೆಯನ್ನು ಮಾತ್ರ ಹಿಡಿಯುತ್ತದೆ, ಹಾಡಿನ ಕರೆಂಟ್ ವಾಪಸ್ ಬರುವುದು ಬಿಳಿ ಕೋರ್‌ನಲ್ಲಿ. ಈ ಕೇಬಲ್‌ಗೆ ದಿಕ್ಕು ಇದೆ. ಸ್ಲೀವ್ ಮೇಲೆ ಆಂಪ್ಲಿಫೈಯರ್ ಕಡೆಗೆ ಬಾಣ ಬರೆದಿಡಿ. ಕೋಆಕ್ಸಿಯಲ್ ಬಳಸಿದ್ದರೆ ಒಳಗೆ ಒಂದೇ ಕೋರ್ ಇರುವುದರಿಂದ ಜಾಲರಿಯನ್ನು ಎರಡೂ ತುದಿಗೆ ಬೆಸೆಯಲೇಬೇಕು.

ಈಗ ಬೆಸುಗೆ. ಇಡೀ ಕೆಲಸದಲ್ಲಿ ನಿಧಾನ ಬೇಕಾದ ಜಾಗ ಇದು.

ಗುಜರಿಯಿಂದ ತಂದ ಸಾಕೆಟ್ ಅನ್ನು ಮರದ ತುಂಡಿಗೆ ಸ್ಕ್ರೂ ಹಾಕಿ, ಅದಕ್ಕೆ ಪಿನ್ ಸಿಕ್ಕಿಸಿ. ಪಿನ್ನಿನ ಒಳಗಿನ ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾದಾಗ ನಡುವಿನ ಕಡ್ಡಿ ವಾಲುತ್ತದೆ. ಸಾಕೆಟ್‌ನಲ್ಲಿ ಇದ್ದರೆ ಅದು ನೆಟ್ಟಗೇ ನಿಲ್ಲುತ್ತದೆ. ಎರಡು ಕೈಯೂ ಖಾಲಿ ಇರುತ್ತವೆ.

ಐರನ್ ಕಾದ ಮೇಲೆ ಮೊನೆಯನ್ನು ಒದ್ದೆ ಹತ್ತಿ ಬಟ್ಟೆಗೆ ಒರೆಸಿ, ಸ್ವಲ್ಪ ಲೆಡ್ ಮುಟ್ಟಿಸಿ. ಮೊನೆ ಬೆಳ್ಳಗೆ ಹೊಳೆಯಬೇಕು. ಕರಿ ಕಟ್ಟಿದ ಮೊನೆ ಬಿಸಿ ದಾಟಿಸುವುದಿಲ್ಲ. ಆಮೇಲೆ ಕೋರ್‌ನ ತುದಿಗೂ ಪಿನ್ನಿನ ಬಟ್ಟಲಿಗೂ ಬೇರೆ ಬೇರೆಯಾಗಿ ತೆಳ್ಳಗೆ ಲೆಡ್ ಹಿಡಿಸಿ. ಎರಡಕ್ಕೂ ಮೊದಲೇ ಹಿಡಿಸಿದ್ದರೆ ಕೂಡಿಸುವಾಗ ಎರಡು ಸೆಕೆಂಡ್ ಸಾಕು.

ಕೋರ್ ಅನ್ನು ಬಟ್ಟಲಿನಲ್ಲಿ ಇಟ್ಟು ಐರನ್ ಮೊನೆಯನ್ನು ಬಟ್ಟಲಿನ ಹೊರಮೈಗೆ ತಾಗಿಸಿ. ಒಂದು, ಎರಡು ಎಣಿಸಿ. ಲೆಡ್ ವೈರನ್ನು ಐರನ್ನಿಗೆ ಮುಟ್ಟಿಸಬೇಡಿ, ಎದುರು ಬದಿಯಿಂದ ಲೋಹಕ್ಕೇ ಮುಟ್ಟಿಸಿ. ಕಾವಲಿ ಕಾದಿದ್ದರೆ ಬೆಣ್ಣೆ ತಾನೇ ಹರಡುತ್ತದೆ, ಅಲ್ವಾ? ಹಾಗೆಯೇ ಲೋಹ ಕಾದಿದ್ದರೆ ಲೆಡ್ ಸರಕ್ಕನೆ ಒಳಗೆ ಹರಿದು, ಎಳೆಗಳ ಸಂದಿ ತುಂಬಿ, ಅಂಚಿನಲ್ಲಿ ತೆಳ್ಳಗಾಗಿ ನಿಲ್ಲುತ್ತದೆ. 60/40 ಲೆಡ್ ಕರಗಲು ಶುರುವಾಗುವುದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ. ವೈರಿನ ಪ್ಲಾಸ್ಟಿಕ್ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಹಾಗಾಗಿ ಮೂರ್ನಾಲ್ಕು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ. ಐರನ್ ತೆಗೆದ ಮೇಲೆ ಹತ್ತು ಎಣಿಸುವ ತನಕ ವೈರು ಕದಲಬಾರದು. ಉಸಿರು ಕೂಡ ಊದಬೇಡಿ.

ಆರಿದ ಬೆಸುಗೆಯನ್ನು ಬೆಳಕಿಗೆ ಹಿಡಿದು ನೋಡಿ. ನುಣ್ಣಗೆ ಹೊಳೆಯುತ್ತಿದ್ದರೆ ಸರಿ. ಬೂದಿ ಬಣ್ಣಕ್ಕೆ ತಿರುಗಿ ತರಿತರಿ ಆಗಿದ್ದರೆ, ಅಥವಾ ಗುಂಡಗೆ ಉಂಡೆ ಕಟ್ಟಿ ಕೂತಿದ್ದರೆ ಅದು ಡ್ರೈ ಸೋಲ್ಡರ್. ಇವತ್ತು ಹಾಡು ಬರುತ್ತದೆ, ಮಳೆಗಾಲದ ಹೊತ್ತಿಗೆ ಕೈ ಕೊಡುತ್ತದೆ. ಸ್ವಲ್ಪ ಫ್ಲಕ್ಸ್ ಹಚ್ಚಿ ಮತ್ತೆ ಕಾಯಿಸಿ.

ಹೊರಬಳೆಯ ಲೋಹ ದೊಡ್ಡದು, ಬಿಸಿ ನುಂಗುತ್ತದೆ. ಬೆಸೆಯುವ ಜಾಗವನ್ನು ಉಪ್ಪು ಕಾಗದದಿಂದ ಒಂದು ಸಲ ಉಜ್ಜಿಕೊಳ್ಳಿ, ಲೆಡ್ ಬೇಗ ಹಿಡಿಯುತ್ತದೆ. ಕೊನೆಗೆ ಆ ಎರಡು ಕಿವಿಗಳನ್ನು ಪ್ಲೈಯರ್‌ನಿಂದ ವೈರಿನ ಹೊರ ಸಿಪ್ಪೆಯ ಮೇಲೆ ಮಡಚಿ. ಕೋರ್ ಮೇಲೆ ಅಲ್ಲ, ಸಿಪ್ಪೆಯ ಮೇಲೆ. ಯಾರಾದರೂ ವೈರು ಎಳೆದರೆ ಆ ಜಗ್ಗಾಟ ಕಿವಿಗೆ ಬೀಳಬೇಕು, ಬೆಸುಗೆಗೆ ಬೀಳಬಾರದು. ಕೇಬಲ್ ಹತ್ತು ವರ್ಷ ಬಾಳುವುದು ಈ ಮಡಿಕೆಯಿಂದ. ಸ್ಲೀವ್ ಎಳೆದು ಬಿಸಿ ಮಾಡಿ, ಕವಚ ತಿರುಗಿಸಿ.

ಮೀಟರ್ ಹಿಡಿದು ಪರೀಕ್ಷೆ

ಸೆಟ್ಟಿಗೆ ಹಾಕುವ ಮೊದಲು ಮೀಟರನ್ನು ಬೀಪ್‌ಗೆ ಇಟ್ಟು ಮೂರು ಕಡೆ ನೋಡಿ. ನಡುವಿನ ಪಿನ್ನಿಂದ ಆಚೆ ತುದಿಯ ನಡುವಿನ ಪಿನ್ನಿಗೆ ಬೀಪ್ ಬರಬೇಕು. ಹೊರಬಳೆಯಿಂದ ಹೊರಬಳೆಗೆ ಬರಬೇಕು. ನಡುವಿನ ಪಿನ್ನಿಗೂ ಹೊರಬಳೆಗೂ ಬರಲೇಬಾರದು. ಪರೀಕ್ಷೆ ಮಾಡುವಾಗ ತುದಿಯ ಹತ್ತಿರ ವೈರನ್ನು ಆಚೀಚೆ ಬಗ್ಗಿಸಿ. ಬೀಪ್ ತಡವರಿಸಿದರೆ ಆ ತುದಿ ಬಿಚ್ಚಿ ಮತ್ತೆ ಮಾಡಿ.

ಪಿನ್ ಸಿಕ್ಕಿಸುವಾಗ ಆಂಪ್ಲಿಫೈಯರ್ ಆಫ್ ಇರಲಿ. ಆರ್‌ಸಿಎಯಲ್ಲಿ ಮೊದಲು ತಾಗುವುದು ನಡುವಿನ ಪಿನ್ನು, ಆಮೇಲೆ ಹೊರಬಳೆ. ಆನ್ ಇದ್ದಾಗ ಸಿಕ್ಕಿಸಿದರೆ ಧಡ್ ಅಂತ ಬಡಿಯುತ್ತದೆ, ಸ್ಪೀಕರ್‌ಗೆ ಪೆಟ್ಟು.

ಮೊಬೈಲ್‌ನಿಂದ ಹಾಡು ಕೇಳಲು 3.5 ಮಿಲಿಮೀಟರ್ ಸ್ಟೀರಿಯೊ ಪಿನ್ನಿಂದ ಎರಡು ಆರ್‌ಸಿಎಗೆ ಮಾಡುವವರು ಇಷ್ಟು ನೆನಪಿಡಿ: ಮೊನೆ ಎಡ, ನಡುವಿನ ಬಳೆ ಬಲ, ಬುಡ ಅರ್ಥ್. ರೆಕಾರ್ಡ್ ಪ್ಲೇಯರ್ ಇರುವವರು ಇನ್ನೂ ಹುಷಾರಾಗಿರಬೇಕು. ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಡ್ಜ್, ಅಂದರೆ ಮುಳ್ಳು ಇರುವ ಭಾಗಕ್ಕೆ ಕೇಬಲ್‌ನ ಕೆಪ್ಯಾಸಿಟೆನ್ಸ್ ನೇರವಾಗಿ ತಾಗುತ್ತದೆ. ಅಲ್ಲಿ ಆರ್‌ಜಿ-59 ಬಳಸಿ, ಒಂದು ಮೀಟರ್ ದಾಟಬೇಡಿ. ರೆಕಾರ್ಡ್ ಪ್ಲೇಯರ್‌ನಿಂದ ಪ್ರತ್ಯೇಕವಾಗಿ ಬರುವ ಅರ್ಥ್ ವೈರನ್ನು ಆಂಪ್ಲಿಫೈಯರ್‌ನ ಅರ್ಥ್ ಸ್ಕ್ರೂಗೆ ಬಿಗಿಯಿರಿ.

ಸ್ಪೀಕರ್ ಕೇಬಲ್

ಇಲ್ಲಿ ಲೆಕ್ಕ ಸುಲಭ. ಹೋಗಿ ಬರುವ ತಂತಿಯ ಒಟ್ಟು ರೆಸಿಸ್ಟೆನ್ಸ್ ಸ್ಪೀಕರ್‌ನ ಓಮ್‌ನ ನೂರಕ್ಕೆ ಐದು ಭಾಗ ದಾಟದಿದ್ದರೆ ಸಾಕು. 8 ಓಮ್ ಸ್ಪೀಕರ್‌ಗೆ 0.4 ಓಮ್, 4 ಓಮ್‌ಗೆ 0.2 ಓಮ್.

ಅಂಗಡಿಯಲ್ಲಿ ಫ್ಲೆಕ್ಸಿಬಲ್ ವೈರನ್ನು 14/76, 23/76, 40/76 ಅಂತ ಕೇಳುತ್ತೇವೆ. ಮೊದಲನೆಯದು ಎಳೆಗಳ ಎಣಿಕೆ. 76 ಅಂದರೆ ಒಂದೊಂದು ಎಳೆಯ ದಪ್ಪ 0.0076 ಇಂಚು. 40/76 ಅಂದರೆ ಸುಮಾರು 1.17 ಚದರ ಮಿಲಿಮೀಟರ್ ತಾಮ್ರ. ಸ್ಪೀಕರ್ 5 ಮೀಟರ್ ದೂರ ಇದ್ದರೆ ಹೋಗಿ ಬರುವ ತಂತಿ 10 ಮೀಟರ್. 14/76ರಲ್ಲಿ ಅದು ಸುಮಾರು 0.42 ಓಮ್, 23/76ರಲ್ಲಿ 0.26, 40/76ರಲ್ಲಿ 0.15. ಹಾಗಾಗಿ 8 ಓಮ್‌ಗೆ 23/76 ಸಾಕು, 4 ಓಮ್‌ಗೆ 40/76 ಬೇಕು. ದೊಡ್ಡ ಹಾಲ್ ಇದ್ದರೆ ಮನೆ ವೈರಿಂಗ್‌ಗೆ ಬಳಸುವ 2.5 ಚದರ ಮಿಲಿಮೀಟರ್ ಫ್ಲೆಕ್ಸಿಬಲ್ ವೈರು ಕೆಂಪು, ಕಪ್ಪು ತಂದು ಹೊಸೆದುಕೊಳ್ಳಿ. ಇದಕ್ಕಿಂತ ಜಾಸ್ತಿ ದುಡ್ಡು ಹಾಕಬೇಡಿ. 20 ಸಾವಿರ ಹರ್ಟ್ಸ್‌ನಲ್ಲೂ ಕರೆಂಟ್ ಬರೀ ಮೇಲ್ಮೈಯಲ್ಲೇ ಹರಿಯದೆ ತಾಮ್ರದೊಳಗೆ ಸುಮಾರು ಅರ್ಧ ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ. ಎಳೆಗೆ ಬೆಳ್ಳಿ ಲೇಪ ಬೇಕು ಅನ್ನುವ ಮಾತೆಲ್ಲ ಮನೆಯ ಸ್ಟೀರಿಯೊಗೆ ಅನ್ವಯಿಸುವುದಿಲ್ಲ.

ಮೋಸ ಆಗುವುದು ಬೇರೆ ಕಡೆ. ಪಾರದರ್ಶಕ ಸಿಪ್ಪೆಯ, ಹೆಬ್ಬೆರಳು ದಪ್ಪದ, ಆದರೆ ಕೈಗೆ ಹಗುರ ಅನ್ನಿಸುವ ಸ್ಪೀಕರ್ ವೈರು ಸಿಗುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಹೊರಗೆ ಕೆಂಪು, ಒಳಗೆ ಬೆಳ್ಳಗೆ ಇದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಕರೆಂಟ್ ಒಯ್ಯುವುದು ತಾಮ್ರದ ಮೂರನೇ ಎರಡು ಭಾಗದಷ್ಟು ಮಾತ್ರ, ಬಗ್ಗಿಸಿದರೆ ಬೇಗ ಮುರಿಯುತ್ತದೆ. ಹೊರಗೆ ಬೆಳ್ಳಗೆ, ಒಳಗೆ ಕೆಂಪು ಇದ್ದರೆ ಹೆದರಬೇಡಿ. ಅದು ತವರ ಲೇಪದ ಒಳ್ಳೆಯ ತಾಮ್ರ.

ತುದಿ ಒಂದು ಸೆಂಟಿಮೀಟರ್ ಸುಲಿದು ಬಿಗಿಯಾಗಿ ಹೊಸೆಯಿರಿ. ಸ್ಕ್ರೂ ಇರುವ ಟರ್ಮಿನಲ್ ಆದರೆ ಲೆಡ್ ಹಿಡಿಸಬೇಡಿ. ಒತ್ತಡಕ್ಕೆ ಲೆಡ್ ನಿಧಾನಕ್ಕೆ ಜಗ್ಗಿ, ಸ್ಕ್ರೂ ಸಡಿಲ ಆಗುತ್ತದೆ. ಅಲ್ಲಿ ಪಿನ್ ಲಗ್ (ತುದಿಗೆ ತೊಡಿಸುವ ಲೋಹದ ಕೊಳವೆ) ಒತ್ತಿ ಹಾಕಿ. ಒತ್ತಿ ಸಿಕ್ಕಿಸುವ ಕ್ಲಿಪ್ ಆದರೆ ತೆಳ್ಳಗೆ ಲೆಡ್ ಹಿಡಿಸಿದರೆ ಅನುಕೂಲ. ಏನೇ ಮಾಡಿ, ಒಂದು ಎಳೆಯೂ ಕೆಂಪಿನಿಂದ ಕಪ್ಪಿಗೆ ತಾಗಬಾರದು. ಆ ಒಂದು ಎಳೆಯಿಂದ ಆಂಪ್ಲಿಫೈಯರ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ, ಎರಡೂ ಸ್ಪೀಕರ್‌ಗೆ ಒಂದೇ ಥರ. ಒಂದು ಉಲ್ಟಾ ಆದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ತಬಲಾದ ಬಾಯಾಂ, ಅಂದರೆ ಎಡಗೈಯ ದಪ್ಪ ನಾದ, ಮಾಯವಾಗುತ್ತದೆ, ಹಾಡುವವರು ಎಲ್ಲಿ ಕೂತಿದ್ದಾರೆ ಅಂತ ತಿಳಿಯುವುದಿಲ್ಲ. ಅನುಮಾನ ಇದ್ದರೆ ಆಂಪ್ಲಿಫೈಯರ್ ಕಡೆಯ ತುದಿ ಬಿಚ್ಚಿ, ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ತಾಗಿಸಿ. ಪ್ಲಸ್ ಕೆಂಪಿಗೆ, ಮೈನಸ್ ಕಪ್ಪಿಗೆ. ಎರಡೂ ಸ್ಪೀಕರ್‌ನ ದೊಡ್ಡ ಕೋನ್ ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಮುಂದಕ್ಕೆ, ಜಿಗಿಯಬೇಕು.

ಇನ್ನೂ ಗುಂಯ್ ಅಂದರೆ

ಎಲ್ಲ ಸಿಗ್ನಲ್ ಕೇಬಲ್ ಕಿತ್ತು ಆಂಪ್ಲಿಫೈಯರ್ ಒಂದನ್ನೇ ಆನ್ ಮಾಡಿ. ಆಗಲೂ ಸದ್ದು ಇದ್ದರೆ ದೋಷ ಆಂಪ್ಲಿಫೈಯರ್‌ನಲ್ಲಿ. ನಿಂತರೆ ಒಂದೊಂದೇ ಸಿಕ್ಕಿಸುತ್ತಾ ಬನ್ನಿ, ಯಾವುದಕ್ಕೆ ಶುರುವಾಗುತ್ತದೋ ಅಲ್ಲಿದೆ. ಎಷ್ಟೋ ಮನೆಯಲ್ಲಿ ಅದು ಸೆಟ್‌ಟಾಪ್ ಬಾಕ್ಸ್. ಹೊರಗಿನಿಂದ ಬರುವ ಕೇಬಲ್ ಬೇರೆ ಅರ್ಥ್ ಹೊತ್ತು ತರುತ್ತದೆ, ಎರಡು ಅರ್ಥ್ ನಡುವೆ 50 ಹರ್ಟ್ಸ್ ಸುತ್ತು ಹೊಡೆಯುತ್ತದೆ. ಎಲ್ಲ ಸಾಮಾನುಗಳನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಗುಂಯ್ ಹೋಗಲಿ ಅಂತ ಮೂರು ಪಿನ್ ಪ್ಲಗ್‌ನ ಅರ್ಥ್ ಮಾತ್ರ ಕತ್ತರಿಸಬೇಡಿ. ಅದು ಜೀವ ಕಾಯುವ ವೈರು.

ಸಿಗ್ನಲ್ ಕೇಬಲ್ ಅನ್ನು ಕರೆಂಟ್ ವೈರಿನ ಪಕ್ಕದಲ್ಲೇ ಉದ್ದಕ್ಕೂ ಎಳೆಯಬೇಡಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ. ಜಾಸ್ತಿ ಉಳಿದ ವೈರನ್ನು ಸಿಂಬೆ ಸುತ್ತಿ ಟ್ರಾನ್ಸ್‌ಫಾರ್ಮರ್ ಹಿಂದೆ ತುರುಕಬೇಡಿ. ನೆಲದ ಮೇಲೆ ಬಿಟ್ಟರೆ ಇಲಿ ಕಡಿಯುತ್ತದೆ, ಗೋಡೆಗೆ ಒಂದು ಗೇಣು ಮೇಲೆ ಕ್ಲಿಪ್ ಹೊಡೆಯಿರಿ.

ಆರು ತಿಂಗಳಿಗೊಮ್ಮೆ ಪಿನ್ನುಗಳನ್ನು ಕಿತ್ತು, ಒಣ ಹತ್ತಿ ಬಟ್ಟೆಯಿಂದ ಒರೆಸಿ, ಸಾಕೆಟ್‌ನಲ್ಲಿ ಎರಡು ಸಲ ತಿರುಗಿಸಿ ಹಾಕಿ. ನನ್ನ ಮೊದಲ ಜೋಡಿಯ ಸ್ಲೀವ್ ಮೇಲೆ ಮಾಡಿದ ತಿಂಗಳು, ವರ್ಷ ಬರೆದಿದ್ದೆ. ಅಕ್ಷರ ಮಾಸಿದೆ. ಎಡಗಡೆ ಸ್ಪೀಕರ್ ಇವತ್ತಿಗೂ ಒಂದು ಸಲವೂ ನಿಂತಿಲ್ಲ.